ಹಾಜರಿ ಪುಸ್ತಕದ ಹೆಸರು

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಗೆ ಮಕ್ಕಳನ್ನು ಕರೆದೊಯ್ದಾಗಲೆಲ್ಲ ಒಂದು ಮಾತನ್ನು ತಪ್ಪದೆ ಹೇಳುತ್ತೇನೆ. 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಇಲ್ಲಿನ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇಲ್ಲ. ‘ದೇವಾನಾಂಪಿಯ’ ಎಂದಷ್ಟೇ ಇದೆ. ಆದರೆ ಬರೆದವನ ಹೆಸರಿದೆ: ಚಪಡ. ಇದನ್ನು ಕೇಳಿದ್ದೇ ತಡ, ಗಂಡುಹುಡುಗರು ಅತ್ತ ಕಡೆಯ ಬಂಡೆಗಳ ಮೇಲೆ ತಮ್ಮ ಹೆಸರು ಗೀಚಲು ಓಡುತ್ತಾರೆ. ಗದರಿಸಿ ಕರೆತರುವುದು ನನ್ನ ಪಾಲಿನ ಕೆಲಸ.

ಹಾಗೆ ಗೀಚಿದವರಲ್ಲಿ ಒಬ್ಬ, 15ನೇ ವಯಸ್ಸಿಗೆ, ಕೊಳವೆಬಾವಿಯ ಕೇಬಲ್ ಕದ್ದ ಗುಂಪಿನೊಡನೆ ಸಿಕ್ಕಿಬಿದ್ದು ವೀಕ್ಷಣಾಲಯ ಸೇರಿದ. ಅದು ಜೈಲಲ್ಲ. ಆದರೂ ಮರಳಿ ಬಂದವನನ್ನು ಊರು ‘ಜೈಲು ಹುಡುಗ’ ಎಂದೇ ಕರೆಯಿತು. ಮೊದಮೊದಲು ತಲೆ ತಗ್ಗಿಸುತ್ತಿದ್ದವನು ಆರು ತಿಂಗಳಲ್ಲಿ ಆ ಹೆಸರನ್ನೇ ಮೀಸೆಯಂತೆ ತಿರುವತೊಡಗಿದ. “ಒಳಗೆ ಅತ್ತೋರಿಗೆ ಉಳಿಗಾಲ ಇಲ್ಲ ಟೀಚರ್, ಗಂಡಸು ಅನ್ನಿಸ್ಕೋಬೇಕು” ಎಂದಿದ್ದ.

ಹುಡುಗ ಗಂಡಸಾಗುವುದು ಯಾವಾಗ? ಕಾನೂನಿಗೂ ಇದು ಸುಲಭದ ಪ್ರಶ್ನೆಯಾಗಿರಲಿಲ್ಲ. 1986ರ ಬಾಲನ್ಯಾಯ ಕಾಯಿದೆ ಹುಡುಗಿಗೆ 18ರವರೆಗೆ ಬಾಲ್ಯವನ್ನು ಕೊಟ್ಟು, ಹುಡುಗನಿಗೆ 16ಕ್ಕೇ ಮುಗಿಸಿತು. 2000ದ ಕಾಯಿದೆ ಇಬ್ಬರಿಗೂ 18 ಮಾಡಿತು. 2015ರ ಕಾಯಿದೆ, 16 ತುಂಬಿದವರು ಘೋರ ಅಪರಾಧ ಎಸಗಿದರೆ ವಯಸ್ಕರಂತೆ ವಿಚಾರಣೆ ನಡೆಸಲು ದಾರಿ ತೆರೆಯಿತು. ಆದರೆ ಬಾಲಕನ ಹೆಸರನ್ನು ಪ್ರಕಟಿಸಬಾರದೆಂದೂ ಅದೇ ಕಾಯಿದೆ ಹೇಳುತ್ತದೆ. ಪತ್ರಿಕೆಯ ಬಾಯಿ ಮುಚ್ಚಿಸಬಹುದು, ಅರಳಿಕಟ್ಟೆಯ ಬಾಯಿ ಮುಚ್ಚಿಸುವವರು ಯಾರು?

ಪಟ್ಟಾಭಿಷೇಕದ 26ನೇ ವರ್ಷದೊಳಗೆ 25 ಬಾರಿ ಸೆರೆಯಾಳುಗಳನ್ನು ಬಿಡಿಸಿದ್ದಾಗಿ ಅಶೋಕ ತನ್ನ ಸ್ತಂಭಶಾಸನವೊಂದರಲ್ಲಿ ಹೇಳಿಕೊಂಡಿದ್ದಾನೆ. ಬಿಡುಗಡೆಯಾದವರನ್ನು ಅವರವರ ಊರು ಏನೆಂದು ಕರೆಯಿತೆಂಬುದನ್ನು ಯಾವ ಲಿಪಿಕಾರನೂ ಬರೆದಿಲ್ಲ.

ಶಿಷ್ಯನು ಗುರುವನ್ನು ಗೌರವಿಸಬೇಕು ಎನ್ನುತ್ತದೆ ಬ್ರಹ್ಮಗಿರಿಯ ಶಾಸನ. ಆ ಸಾಲನ್ನು ಮಕ್ಕಳಿಗೆ ವಿವರಿಸುವಾಗ ಈಗ ನನ್ನ ದನಿ ತಗ್ಗುತ್ತದೆ. ಐದನೇ ತರಗತಿಯಲ್ಲಿ ಮಂಡಿ ತರಚಿಕೊಂಡು ಅಳುತ್ತಿದ್ದ ಇದೇ ಹುಡುಗನನ್ನು, “ಗಂಡು ಹುಡುಗ ಅಳ್ತಾನೇನೋ?” ಎಂದು ಎಲ್ಲರೆದುರು ಕೇಳಿದವಳು ನಾನೇ. ಒಳಗೆ ಅವನು ಕಲಿತ ಪಾಠದ ಮೊದಲ ಅಕ್ಷರ ತಿದ್ದಿಸಿದ್ದು ನಮ್ಮ ಶಾಲೆಯಲ್ಲೇ.

ಮೊನ್ನೆ ಚಳ್ಳಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ಕಂಡ. ಹಾಜರಿ ಪುಸ್ತಕದಲ್ಲಿದ್ದ ಪೂರ್ತಿ ಹೆಸರು ಹಿಡಿದು ಕೂಗಿದೆ. ಯಾರನ್ನು ಕರೆದರೋ ಎಂಬಂತೆ ಹಿಂದೆ ತಿರುಗಿ ನೋಡಿದ. ಆಮೇಲೆ ಹತ್ತಿರ ಬಂದು, ಮೆಲ್ಲಗೆ, “ಹಾಜರ್ ಟೀಚರ್” ಎಂದ.