ಹಬ್ಬದ ಬಟ್ಟೆಯಿಂದ ವಾರದ ಬಟ್ಟೆಗೆ

ಮೂರು ದಶಕಗಳ ಹಿಂದೆ ನಮ್ಮ ಬಹುತೇಕ ಮನೆಗಳಲ್ಲಿ ಬಟ್ಟೆ ಕೊಳ್ಳಲು ಒಂದು ನೆಪ ಬೇಕಿತ್ತು: ಯುಗಾದಿ, ದೀಪಾವಳಿ, ಶಾಲೆಯ ಆರಂಭ, ಇಲ್ಲವೇ ಮದುವೆಯ ಜವಳಿ. ಥಾನಿನಿಂದ ಕತ್ತರಿಸಿದ ಬಟ್ಟೆ ಟೈಲರ್ ಕೈಸೇರಿ, ಹೇಳಿದ ದಿನಕ್ಕೆ ಎಂದೂ ಸಿಗದೆ, ಹಬ್ಬದ ಹಿಂದಿನ ರಾತ್ರಿ ಮನೆಗೆ ಬರುತ್ತಿತ್ತು. ಮಕ್ಕಳಿಗೆ ಹೊಲಿಸುವಾಗ ಒಂದಿಷ್ಟು ಸಡಿಲ. ಒಳಗೆ ಮಡಿಚಿಟ್ಟ ಅಂಚನ್ನು ಮರುವರ್ಷ ಬಿಚ್ಚಿದರಾಯಿತು. ರೆಡಿಮೇಡ್ ಬಂದ ಮೇಲೂ ಹಬ್ಬದ ಲೆಕ್ಕ ಬಹುಕಾಲ ಉಳಿದಿತ್ತು.

ಅದನ್ನು ಕೆಡಿಸಿದ ಪದ್ಧತಿ ಬೆಳೆದದ್ದು ಸ್ಪೇನಿನಲ್ಲಿ. ಅಮಾನ್ಸಿಯೊ ಒರ್ಟೆಗಾ 1975ರಲ್ಲಿ ಅಲ್ಲಿನ ಕೊರುನ್ಯಾ ನಗರದಲ್ಲಿ ಜಾರಾ ಅಂಗಡಿ ತೆರೆದರು. ಇಡೀ ಋತುವಿನ ಸರಕನ್ನು ಮೊದಲೇ ಹೊಲಿಸಿ ಗಿರಾಕಿಗೆ ಕಾಯುವ ವ್ಯಾಪಾರವನ್ನು ಈ ಕಂಪನಿ ಕ್ರಮೇಣ ತಲೆಕೆಳಗು ಮಾಡಿತು. ಪ್ರತಿ ವಿನ್ಯಾಸದ್ದೂ ಸ್ವಲ್ಪವೇ ಮಾಲು; ವಾರಕ್ಕೆರಡು ಸಲ ಮಳಿಗೆಗೆ ಹೊಸದು; ಯಾವುದು ಖರ್ಚಾಯಿತು, ಗಿರಾಕಿ ಏನು ಕೇಳಿ ಬರಿಗೈಲಿ ಹೋದರು ಎಂಬ ಸುದ್ದಿ ನೇರವಾಗಿ ವಿನ್ಯಾಸಕರಿಗೆ. ಅವಸರದ ಮಾಲನ್ನು ಸ್ಪೇನ್, ಪೋರ್ಚುಗಲ್, ಮೊರಾಕ್ಕೊಗಳಲ್ಲೇ ಹೊಲಿಸುತ್ತಿದ್ದುದರಿಂದ ಕೆಲವೇ ವಾರಗಳಲ್ಲಿ ಅಂಗಿ ಅಂಗಡಿಯಲ್ಲಿರುತ್ತಿತ್ತು. ಅಗ್ಗದ ಬೆಲೆಯಿಂದಲೇ ಇದೆಲ್ಲ ಆಯಿತು ಎನ್ನುವವರಿದ್ದಾರೆ. ನಮ್ಮಲ್ಲಿ ಜಾರಾ ಅಗ್ಗವಾಗಿದ್ದುದು ಯಾವಾಗ? ಮುಂದಿನ ವಾರ ಬಂದರೆ ಇದು ಇರುವುದಿಲ್ಲ ಎಂಬ ಅಂಜಿಕೆಯೇ ಅದರ ನಿಜವಾದ ಬಂಡವಾಳ.

ಭಾರತದ ಕಥೆಯಲ್ಲಿ ಬೆಂಗಳೂರಿಗೆ ದೊಡ್ಡ ಪಾಲಿದೆ. ಇಲ್ಲಿನ ಲಿಟಲ್‌ವುಡ್ಸ್ ಮಳಿಗೆಯನ್ನು 1998ರಲ್ಲಿ ಕೊಂಡ ಟಾಟಾ ಸಮೂಹದ ಟ್ರೆಂಟ್ ಅದನ್ನು ವೆಸ್ಟ್‌ಸೈಡ್ ಮಾಡಿತು. 2007ರಲ್ಲಿ ಇದೇ ಊರಲ್ಲಿ ಹುಟ್ಟಿದ ಮಿಂತ್ರಾ ಮೊದಲು ಉಡುಗೊರೆ ಸಾಮಾನು ಮಾರುತ್ತಿತ್ತು. ಬಟ್ಟೆಗೆ ಹೊರಳಿದ್ದು ಆಮೇಲೆ. ಟ್ರೆಂಟ್ ಜೊತೆಗೂಡಿ ಜಾರಾ 2010ರಲ್ಲಿ ಬಂತು, ಎಚ್ ಅಂಡ್ ಎಂ 2015ರಲ್ಲಿ. ಆದರೆ ಮಹಾನಗರದ ಮಾಲ್‌ಗಳಿಂದ ಈ ಚಟವನ್ನು ಜಿಲ್ಲಾ ಕೇಂದ್ರಗಳಿಗೆ ಒಯ್ದದ್ದು 2016ರಲ್ಲಿ ಶುರುವಾದ ಟ್ರೆಂಟ್‌ನದೇ ಜುಡಿಯೊ. ಸಾವಿರ ರೂಪಾಯಿಯೊಳಗಿನ ಬೆಲೆ, ಆನ್‌ಲೈನ್ ಮಾರಾಟವಿಲ್ಲ. ಕಾಲೇಜು ಹುಡುಗಿ ಸಂಬಳದ ದಿನಕ್ಕೂ ಹಬ್ಬಕ್ಕೂ ಕಾಯದೆ, ಕ್ಲಾಸು ಬಿಟ್ಟ ಮೇಲೆ ಸುಮ್ಮನೆ ಒಳಗೆ ಹೋಗಿ ಬರಬಹುದು.

ಆನ್‌ಲೈನ್ ಕೊಳ್ಳುವವರು ಮನೆಯನ್ನೇ ಟ್ರಯಲ್ ರೂಮ್ ಮಾಡಿಕೊಂಡರು: ಎರಡು ಸೈಜು ತರಿಸು, ಒಂದನ್ನು ವಾಪಸು ಕಳಿಸು. ಟೈಲರ್‌ಗೆ ಉಳಿದದ್ದು ಆಲ್ಟರೇಷನ್. ಅದರಲ್ಲೂ ಕುಗ್ಗಿಸುವುದಷ್ಟೇ ಸುಲಭ. ಒಳಗೆ ಬಟ್ಟೆಯನ್ನೇ ಬಿಡದೆ ಓವರ್‌ಲಾಕ್ ಹೊಡೆದ ಟಾಪನ್ನು ಯಾರು ಅಗಲಿಸಬಲ್ಲರು?

ಕೊಳ್ಳುವವರ ಅವಸರ ಹೊಲಿಯುವವರಿಗೆ ಗಂಟೆಯ ಟಾರ್ಗೆಟ್ ಆಗುತ್ತದೆ. 2013ರಲ್ಲಿ ಢಾಕಾ ಬಳಿ ಗಾರ್ಮೆಂಟ್ಸ್ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತಾಗ ಜಗತ್ತು ಈ ಕಡೆ ತಿರುಗಿ ನೋಡಿತು. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಕಣ್ಣಿಗೆ ಬಿದ್ದದ್ದು 2016ರ ಏಪ್ರಿಲ್‌ನಲ್ಲಿ, ಪಿಎಫ್ ನಿಯಮ ಬದಲಾವಣೆಯ ವಿರುದ್ಧ ಸಾವಿರಾರು ಮಂದಿ ರಸ್ತೆಗಿಳಿದಾಗ. ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು.

ಈ ಗಾಳಿ ಕಡಿಮೆ ತಟ್ಟಿದ್ದು ಸೀರೆಗೆ. ಮದುವೆ ಜವಳಿಗೆ ಮನೆಮಂದಿಯೆಲ್ಲ ಇಂದಿಗೂ ಚಿಕ್ಕಪೇಟೆಗೆ ಹೋಗುತ್ತಾರೆ, ರವಿಕೆಗೆ ಅಳತೆ ಕೊಡುತ್ತಾರೆ. ಆದರೆ ನೆರಿಗೆ ಹೊಲಿದಿಟ್ಟ ರೆಡಿಮೇಡ್ ಸೀರೆ ಆಗಲೇ ಆನ್‌ಲೈನಿನಲ್ಲಿದೆ, ರವಿಕೆಯ ಸಮೇತ.