ರಳಕ್ಕೆ ಅಂಟಿದ ಹೆಸರು

ಹಳಗನ್ನಡದ ಶಕಟರೇಫ (ಱ) ಮತ್ತು ರಳ (ೞ) ಇಂದಿನ ಬರವಣಿಗೆಯಿಂದ ಮರೆಯಾಗಿವೆ. ‘ಅರಿ’ ಎಂದರೆ ಶತ್ರು, ‘ಅಱಿ’ ಎಂದರೆ ತಿಳಿ. ‘ಅಳಿ’ ದುಂಬಿ, ‘ಅೞಿ’ ನಾಶವಾಗು. ಅಕ್ಷರ ತಪ್ಪಿದರೆ ಅರ್ಥವೇ ಕೆಡುತ್ತದೆ. ಆದ್ದರಿಂದಲೇ 13ನೆಯ ಶತಮಾನದ ಜೈನ ವೈಯಾಕರಣ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ರಳ, ಕುಳ, ಕ್ಷಳಗಳ ಭೇದವನ್ನು ನಿರೂಪಿಸಿದನು.

ಗಣಕಯಂತ್ರವು ಅಕ್ಷರವನ್ನು ಸಂಖ್ಯೆಯಾಗಿ ಮಾತ್ರ ಅರಿಯುತ್ತದೆ. ಕಣ್ಣಿಗೆ ಕಾಣುವ ಆಕಾರ ಫಾಂಟಿನದು. ಯೂನಿಕೋಡ್‌ನಲ್ಲಿ ಶಕಟರೇಫದ ಸಂಖ್ಯೆ 3249, ಳಕಾರದ್ದು 3251, ರಳದ್ದು 3294. ಆದರೆ ರಳಕ್ಕೆ ಸಂಖ್ಯೆಯೊಡನೆ ಕೊಟ್ಟ ಹೆಸರು ತಪ್ಪಿತು: ಇಂಗ್ಲಿಷಿನ ಎಫ್ ಧ್ವನಿಯ ‘ಫ’ ಎಂದು ಅದು ದಾಖಲಾಯಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡ್‌ನ ನಿಯಮ. ಹೀಗಾಗಿ ತಪ್ಪು ಹೆಸರು ಉಳಿದೇ ಇದೆ. ‘ಎಲ್‌ಎಲ್‌ಎಲ್‌ಎ’ ಎಂಬ ತಿದ್ದುಪಡಿಯ ಹೆಸರು ಅದರ ಪಕ್ಕದಲ್ಲಿ ಸೇರಿದೆ.

ಹೆಸರು ತಪ್ಪಾದರೂ ಸಂಖ್ಯೆ ಬೇರೆಯಾಗಿರುವುದರಿಂದ ರಳಕ್ಕೆ ಹಾನಿಯಿಲ್ಲ. ಅದು ಅಳಿಯುವುದು, ಹಳಗನ್ನಡ ಕಾವ್ಯವನ್ನು ಗಣಕಕ್ಕೆ ಏರಿಸುವವರು ಸುಲಭವೆಂದು ಳಕಾರವನ್ನೇ ಒತ್ತಿದಾಗ. ಅಂತಹ ಪಾಠದಲ್ಲಿ ಹುಡುಕುವ ಯಂತ್ರಕ್ಕೆ ದುಂಬಿಯೂ ನಾಶವೂ ಒಂದೇ. ಕೇಶಿರಾಜನು ಕಾಯ್ದ ಭೇದವನ್ನು ಉಳಿಸುವ ಹೊಣೆ ಇಂದು ಕೀಲಿಮಣೆಯ ಮುಂದೆ ಕುಳಿತವರದು.