ಎಡೆದೊರೆನಾಡಿನ ಯುದ್ಧಗಳು: ನೆಪ ಮತ್ತು ಕಾರಣ

ಕವಿತಾಳದ ಪೂರ್ವಕ್ಕೆ ರಾಯಚೂರು ಕೋಟೆ, ಪಶ್ಚಿಮಕ್ಕೆ ಮುದಗಲ್ಲ ಕೋಟೆ; ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಶಾಸನಗಳು ‘ಎಡೆದೊರೆ ಎರಡುಸಾಸಿರ’ವೆಂದು ಕರೆದ ಈ ನಡುನಾಡಿಗಾಗಿ ವಿಜಯನಗರದ ಅರಸರೂ ಬಹಮನಿ, ಬಿಜಾಪುರದ ಸುಲ್ತಾನರೂ ಎರಡು ಶತಮಾನಗಳ ಕಾಲ ಹೋರಾಡಿದರು. ಯುದ್ಧಗಳು ಏಕೆ ಸಂಭವಿಸುತ್ತವೆ ಎಂಬುದನ್ನು ವಿದ್ಯಾರ್ಥಿಗಳಿಗೆ ಬೋಧಿಸಲು ಇದಕ್ಕಿಂತ ಸಮೀಪದ ನಿದರ್ಶನ ಕನ್ನಡನಾಡಿನಲ್ಲಿ ವಿರಳ.

ಈ ಯುದ್ಧಗಳ ಬಗ್ಗೆ ಮೂರು ಕಥೆಗಳು ಪ್ರಸಿದ್ಧವಾಗಿವೆ. ಗಾಯಕರಿಗೆ ಕೊಡಬೇಕಾದ ಹಣವನ್ನು ವಿಜಯನಗರದ ಬೊಕ್ಕಸದಿಂದ ಪಡೆಯುವಂತೆ ಮಹಮದ್ ಷಾ ಬರೆದುಕೊಟ್ಟನೆಂಬುದು ಬುಕ್ಕರಾಯನೊಡನೆ ನಡೆದ 1366ರ ಯುದ್ಧದ ಕಥೆ. ಮುದಗಲ್ಲಿನ ಅಕ್ಕಸಾಲಿಗನ ಮಗಳಿಗಾಗಿ ದೇವರಾಯನ ಸೈನಿಕರು ನದಿ ದಾಟಿದರೆಂಬುದು 1406ರ ಕಥೆ. ಇವೆರಡನ್ನೂ ಹೇಳಿದವನು ಫೆರಿಷ್ತಾ. ಕುದುರೆ ಕೊಳ್ಳಲು ಹಣ ಒಯ್ದವನೊಬ್ಬ ಆದಿಲ್ ಷಾಹಿ ಸೀಮೆಗೆ ಓಡಿಹೋದನೆಂಬುದು 1520ರ ರಾಯಚೂರು ಯುದ್ಧಕ್ಕೆ ನೂನಿಜ್ ಕೊಡುವ ಕಾರಣ. ಫೆರಿಷ್ತಾ ಬಿಜಾಪುರದ ಆಸ್ಥಾನದಲ್ಲಿದ್ದು, ಎರಡು ಶತಮಾನಗಳ ಅನಂತರ ಬರೆದವನು. ನೂನಿಜ್ ಸ್ವತಃ ಕುದುರೆ ವ್ಯಾಪಾರಿ. ಹೇಳುವವನ ಸ್ಥಾನ ಕಥೆಯ ಆಯ್ಕೆಯಲ್ಲೇ ವ್ಯಕ್ತವಾಗುತ್ತದೆ.

ಕಥೆಗಳು ಮನಸ್ಸಿನಲ್ಲಿ ಉಳಿಯುತ್ತವೆ, ಅಪಾಯವಿರುವುದೂ ಅಲ್ಲಿಯೇ. ಅಕ್ಕಸಾಲಿಗನ ಮಗಳೇ ಯುದ್ಧಕ್ಕೆ ಕಾರಣಳಾದಳೆಂದು ಕಲಿತ ವಿದ್ಯಾರ್ಥಿ ಅರಸರ ಹೊಣೆಯನ್ನು ಒಬ್ಬ ಹೆಣ್ಣಿನ ಮೇಲೆ ಹೊರಿಸುತ್ತಾನೆ. ಆದರೆ ಫೆರಿಷ್ತಾ ಹೇಳುವಂತೆಯೇ ಆಕೆಯ ವಿವಾಹ ಸುಲ್ತಾನ ಫಿರೋಜನ ಮಗನೊಡನೆ ನಡೆಯಿತು. ದೇವರಾಯನ ಮಗಳು ಸುಲ್ತಾನನನ್ನೇ ವರಿಸಿದಳು. ಬಂಕಾಪುರ ಬಳುವಳಿಯಾಗಿ ಹೋಯಿತು. ನೆಪ ತೀರಿತು, ಯುದ್ಧ ತೀರಲಿಲ್ಲ. ಹದಿನೈದು ವರ್ಷ ತುಂಬುವುದರೊಳಗೆ ಪಾನಗಲ್ಲಿನಲ್ಲಿ ಅದು ಮರುಕಳಿಸಿತು.

ಧರ್ಮವೇ ಕಾರಣವೆಂಬ ಉತ್ತರವೂ ಅಷ್ಟೇ ಸುಲಭದ್ದು. ಸುಲ್ತಾನರ ಆಳ್ವಿಕೆಗೆ ಮೂರು ಶತಮಾನಗಳಷ್ಟು ಮೊದಲೇ, ಚಾಲುಕ್ಯರ ವಿರುದ್ಧ ಹೊರಟ ರಾಜೇಂದ್ರ ಚೋಳನ ಪ್ರಶಸ್ತಿ ಗೆದ್ದ ನಾಡುಗಳಲ್ಲಿ ‘ಇಡೈತುರೈನಾಡ’ನ್ನು ಎಣಿಸಿತ್ತು. ಇಮ್ಮಡಿ ದೇವರಾಯನ ಸೈನ್ಯದಲ್ಲಿ ಮುಸಲ್ಮಾನ ಯೋಧರಿದ್ದರು. 1520ರ ಮುತ್ತಿಗೆಯಲ್ಲಿ ಕೃಷ್ಣದೇವರಾಯನ ಪರವಾಗಿ ಪೋರ್ಚುಗೀಸ್ ಬಂದೂಕುಧಾರಿಗಳು ಹೋರಾಡಿದರು. ಅರಸುಮನೆತನಗಳೂ ಧರ್ಮಗಳೂ ಬದಲಾದರೂ ಬದಲಾಗದೆ ಉಳಿದದ್ದು ನೆಲ: ಎರೆಭೂಮಿ, ಹಟ್ಟಿಯ ಚಿನ್ನ, ನದಿಗಳ ಹಾಯ್ಗಡಗಳನ್ನು ಕಾಯುವ ಕೋಟೆಗಳು.

ಗ್ರೀಕ್ ಇತಿಹಾಸಕಾರ ಥುಸಿಡಿಡೀಸ್ ಪೆಲೊಪೊನೀಸಿಯನ್ ಯುದ್ಧವನ್ನು ವಿವರಿಸುವಾಗ ಬಹಿರಂಗವಾಗಿ ಹೇಳಲಾದ ದೂರುಗಳನ್ನು ನಿಜವಾದ ಕಾರಣದಿಂದ ಬೇರ್ಪಡಿಸಿದ್ದನು. ಎಡೆದೊರೆಯ ಪಾಠಕ್ಕೂ ಅದೇ ವಿವೇಕ ಅಗತ್ಯ. ಆದರೆ ಅಲ್ಲಿಗೇ ನಿಲ್ಲಲಾಗದು. ಶಾಂತಿಯ ವರ್ಷಗಳಲ್ಲಿಯೂ ಈ ನೆಲ ಇಷ್ಟೇ ಫಲವತ್ತಾಗಿತ್ತು, ಕೋಟೆಗಳು ಅಲ್ಲಿಯೇ ಇದ್ದವು. ನೆಲ ತಾನಾಗಿ ಯುದ್ಧ ಹೂಡುವುದಿಲ್ಲ. ಆಸೆಪಟ್ಟವನು ನೆಪವೊಂದನ್ನು ಆರಿಸಿಕೊಂಡು ನಿರ್ಧರಿಸಿದಾಗಲೇ ಸೈನ್ಯ ನದಿ ದಾಟುತ್ತದೆ. ‘ಈ ನೆಪ ದೊರೆಯದಿದ್ದರೆ ಯುದ್ಧ ತಪ್ಪುತ್ತಿತ್ತೇ?’ ಎಂಬುದು ವಿದ್ಯಾರ್ಥಿ ಕೇಳಬೇಕಾದ ಮೊದಲ ಪ್ರಶ್ನೆ. ‘ನಿರ್ಧರಿಸಿದವರು ಯಾರು?’ ಎಂಬುದು ಅವನು ಎಂದಿಗೂ ಬಿಡಬಾರದ ಎರಡನೆಯ ಪ್ರಶ್ನೆ.